ಬಾನೆವಿಲ್‌ಗೆ ಹೊಸ ಜೋಡಿ ಕಾರ್ಬುರೇಟರ್: ಕೂರಿಸಿ ಹದಕ್ಕೆ ತಂದ ಅನುಭವ

ಹಳೇ ಬೈಕು ಸರಿಯಾಗಿ ಓಡದಿದ್ದರೆ ಎಲ್ಲರ ಕೈಯೂ ಮೊದಲು ಹೋಗುವುದು ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ. ಸ್ಕ್ರೂಗಳು ಹೊರಗೇ ಕಾಣುತ್ತವೆ. ತಿರುಗಿಸಿದ ತಕ್ಷಣ ಇಂಜಿನ್ ಸದ್ದು ಬದಲಾಗುತ್ತದೆ. ಏನೋ ಮಾಡಿದೆವು ಅನ್ನಿಸುತ್ತದೆ. ಆದರೆ ನನ್ನ 1969ರ ಟ್ರಯಂಫ್ ಬಾನೆವಿಲ್ ಟಿ120ಗೆ ಜೋಡಿ ಕಾರ್ಬುರೇಟರ್ ಬದಲಿಸುವಾಗ ಅರ್ಧಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡದ್ದು ಕಾರ್ಬುರೇಟರ್ ಅಲ್ಲದ ಭಾಗಗಳು. ಆ ಹೊತ್ತು ಕೊಟ್ಟಿದ್ದರಿಂದಲೇ ಉಳಿದ ಕೆಲಸ ಸಲೀಸಾಯಿತು. ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಈ ಬೈಕಿನ ಪರಿಚಯ ಇಲ್ಲದವರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ಬಾನೆವಿಲ್ ಇಂಗ್ಲೆಂಡಿನ ಮೆರಿಡನ್ ಕಾರ್ಖಾನೆಯ ಬೈಕು. ಮೊದಲು ಬಂದದ್ದು 1959ರ ಮಾಡೆಲ್ ಆಗಿ. 649 ಸಿಸಿ, ಅಕ್ಕಪಕ್ಕ ಎರಡು ಸಿಲಿಂಡರ್. ಎರಡೂ ಪಿಸ್ಟನ್ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಆದರೆ ಪೆಟ್ರೋಲ್ ಉರಿಯುವುದು ಸರದಿಯ ಮೇಲೆ, ಒಂದು ಸುತ್ತಿಗೆ ಒಂದು ಕಡೆ, ಮುಂದಿನ ಸುತ್ತಿಗೆ ಇನ್ನೊಂದು ಕಡೆ. ಒಂದೊಂದು ಸಿಲಿಂಡರಿಗೂ ಒಂದೊಂದು ಕಾರ್ಬುರೇಟರ್. ಇದೇ ಇಂಜಿನ್‌ಗೆ ಒಂದೇ ಕಾರ್ಬುರೇಟರ್ ಹಾಕಿ ಟಿಆರ್6 ಟ್ರೋಫಿ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. ಸುಮ್ನೆ ಓಡಾಡಲು ಆ ಟ್ರೋಫಿಯೇ ಸುಲಭ, ಅದರಲ್ಲಿ ಅನುಮಾನವಿಲ್ಲ. ಎರಡು ಕಾರ್ಬುರೇಟರಿನ ಲಾಭ ಗೊತ್ತಾಗುವುದು ಥ್ರಾಟಲ್ ಪೂರ್ತಿ ತೆರೆದಾಗ. ನಿಧಾನವಾಗಿ ಹೋಗುವಾಗ ಅವು ಎರಡೂ ಸಮನಾಗಿರಬೇಕು, ಇಲ್ಲದಿದ್ದರೆ ಕಾಟ. ಆದರೂ 1969ರಲ್ಲಿ ಐಲ್ ಆಫ್ ಮ್ಯಾನ್‌ನ ಪ್ರೊಡಕ್ಷನ್ ಟಿಟಿ ರೇಸಿನಲ್ಲಿ ಮಾಲ್ಕಮ್ ಅಪ್‌ಹಿಲ್ ಗಂಟೆಗೆ ಸರಾಸರಿ 100 ಮೈಲಿಗೂ ಮೀರಿ ಒಂದು ಸುತ್ತು ಹಾಕಿದ್ದು ಬಾನೆವಿಲ್ ಮೇಲೆಯೇ. ಅದೇ ವರ್ಷದ ಬೈಕು ಕೈಯಲ್ಲಿರುವಾಗ ಅದನ್ನು ಒಂದೇ ಕಾರ್ಬುರೇಟರಿಗೆ ಇಳಿಸಲು ನನಗೆ ಮನಸ್ಸಾಗಲಿಲ್ಲ.

ತೊಂದರೆ ಕಾಣಿಸಿಕೊಂಡದ್ದು ಐಡ್ಲಿಂಗಿನಲ್ಲಿ, ಅಂದರೆ ಥ್ರಾಟಲ್ ಮುಟ್ಟದೆ ಇಂಜಿನ್ ನಿಧಾನವಾಗಿ ಓಡುತ್ತಿರುವಾಗ. ಬೈಕು ತಣ್ಣಗಿದ್ದಾಗ ಒಂದು ಥರ, ಬಿಸಿಯಾದಾಗ ಇನ್ನೊಂದು ಥರ. ಸಿಗ್ನಲ್‌ನಲ್ಲಿ ನಿಲ್ಲಿಸಿದರೆ ಇಂಜಿನ್ ಜೋರಾಗಿ ಓಡುತ್ತಲೇ ಇರುತ್ತಿತ್ತು. ಸ್ಕ್ರೂ ಇಳಿಸಿದರೆ ಮುಂದಿನ ಸಿಗ್ನಲ್‌ನಲ್ಲಿ ಆಫ್. ಏರ್ ಫಿಲ್ಟರ್ ಬಿಚ್ಚಿ ಬೆರಳಿಟ್ಟು ನೋಡಿದರೆ ಎರಡೂ ಕಾರ್ಬುರೇಟರಿನ ಸ್ಲೈಡುಗಳು ಹಿಂದೆ ಮುಂದೆ ಅಲ್ಲಾಡುತ್ತಿದ್ದವು. ಇಂಜಿನ್ ಓಡುವಾಗ ಟಕಟಕ ಸದ್ದು ಬೇರೆ. ಈ ಕಾರ್ಬುರೇಟರಿನಲ್ಲಿ ಥ್ರಾಟಲ್ ಅಂದರೆ ದುಂಡನೆಯ ಒಂದು ಸ್ಲೈಡ್. ಕೇಬಲ್ ಎಳೆದಾಗ ಅದು ಬಾಡಿಯೊಳಗೆ ಮೇಲೇರುತ್ತದೆ, ಬಿಟ್ಟಾಗ ಸ್ಪ್ರಿಂಗ್ ಕೆಳಗೆ ತಳ್ಳುತ್ತದೆ. ಹಳೆಯದರಲ್ಲಿ ಸ್ಲೈಡೂ ಬಾಡಿಯೂ ಒಂದೇ ಬಗೆಯ ಸತುವಿನ ಮಿಶ್ರಲೋಹದ್ದು. ಒಂದೇ ಲೋಹ ಒಂದಕ್ಕೊಂದು ಉಜ್ಜಿದರೆ ಎರಡೂ ಸವೆಯುತ್ತವೆ. ಸವೆದ ಸಂದಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಆ ಗಾಳಿಯನ್ನು ಯಾವ ಸ್ಕ್ರೂ ತಿರುಗಿಸಿಯೂ ತಡೆಯಲಾಗದು.

ಹಾಗಂತ ಕೂಡಲೇ ಹೊಸದನ್ನು ತರಿಸಲಿಲ್ಲ. ಬ್ರಿಟಿಷ್ ಬೈಕುಗಳಲ್ಲೇ ಕೈ ಪಳಗಿಸಿಕೊಂಡ ಹಿರಿಯ ಮೆಕ್ಯಾನಿಕ್ ಒಬ್ಬರು ನನಗೆ ಮೊದಲಿನಿಂದ ಹೇಳಿಕೊಟ್ಟ ಪಾಠ ಒಂದಿದೆ. “ಕಾರ್ಬುರೇಟರ್ ಮುಟ್ಟೋದು ಕೊನೆಗೆ ಕಣಪ್ಪ. ಮೊದಲು ಟ್ಯಾಪೆಟ್, ಆಮೇಲೆ ಕಿಡಿ, ಆಮೇಲೆ ಗಾಳಿ ಲೀಕು. ಮೂರೂ ಸರಿ ಇದ್ದು ಇನ್ನೂ ಕಾಟ ಕೊಟ್ರೆ ಅದರ ಹತ್ರ ಹೋಗು” ಎನ್ನುತ್ತಿದ್ದರು. ಅದೇ ಕ್ರಮದಲ್ಲಿ ಹೊರಟೆ.

ಟ್ಯಾಪೆಟ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು, ಬೇಗ ಮುಗಿಯಿತು. ಇಂಜಿನ್ ತಣ್ಣಗಿರುವಾಗ ಇನ್‌ಲೆಟ್ 0.002 ಇಂಚು, ಎಕ್ಸಾಸ್ಟ್ 0.004 ಇಂಚು. ಒಂದು ಎಕ್ಸಾಸ್ಟ್ ಸ್ವಲ್ಪ ಬಿಗಿಯಾಗಿತ್ತು, ಸರಿಮಾಡಿದೆ. ಕಂಪ್ರೆಷನ್ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಬಂತು. ಇದನ್ನು ನೋಡುವುದು ಮುಖ್ಯ. ಎರಡು ಸಿಲಿಂಡರುಗಳ ಬಲವೇ ಬೇರೆ ಬೇರೆ ಇದ್ದರೆ ಕಾರ್ಬುರೇಟರುಗಳನ್ನು ಎಷ್ಟು ಸಮ ಮಾಡಿದರೂ ಇಂಜಿನ್ ಕುಂಟುತ್ತದೆ.

ಕಿಡಿಯ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಪಾಯಿಂಟ್ ಅಂದರೆ ಕಿಡಿ ಹಾರುವ ಕ್ಷಣವನ್ನು ನಿರ್ಧರಿಸುವ ಸಣ್ಣ ಸ್ವಿಚ್. ಅದರ ಗ್ಯಾಪ್ ಎರಡಕ್ಕೂ 0.015 ಇಂಚಿಗೆ ಇಟ್ಟು, ಕಿಡಿಯ ಜೊತೆಗೇ ಮಿನುಗುವ ಸ್ಟ್ರೋಬ್ ಲೈಟ್ ಹಿಡಿದೆ. ಇಂಜಿನ್ ಸ್ಪೀಡ್ ಏರಿಸಿ ನೋಡಿದರೆ ಗುರುತು ಸರಿಯಾಗಿ, ಪಿಸ್ಟನ್ ತುದಿ ಮುಟ್ಟುವುದಕ್ಕೆ 38 ಡಿಗ್ರಿ ಮುಂಚೆ ನಿಲ್ಲುತ್ತಿತ್ತು. ಆದರೆ ಐಡ್ಲಿಂಗಿಗೆ ಇಳಿದಾಗ ಗುರುತು ಹಿಂದಕ್ಕೆ ಬರಲೇ ತಡ ಮಾಡುತ್ತಿತ್ತು. ಒಮ್ಮೆ ಬರುತ್ತಿತ್ತು, ಒಮ್ಮೆ ಅರ್ಧಕ್ಕೇ ನಿಲ್ಲುತ್ತಿತ್ತು. ಪಾಯಿಂಟ್ ಪ್ಲೇಟ್ ತೆಗೆದು ನೋಡಿದೆ. ಅಡ್ವಾನ್ಸ್ ಯೂನಿಟ್‌ನಲ್ಲಿ ಎರಡು ಸಣ್ಣ ತೂಕಗಳಿರುತ್ತವೆ, ಸ್ಪೀಡ್ ಏರಿದಾಗ ಅವು ಹೊರಕ್ಕೆ ಅಗಲಿ ಕಿಡಿಯನ್ನು ಮುಂಚಿತ ಮಾಡುತ್ತವೆ. ಅವನ್ನು ಒಳಕ್ಕೆ ಎಳೆಯುವ ಸ್ಪ್ರಿಂಗುಗಳು ವಯಸ್ಸಾಗಿ ಸಡಿಲಗೊಂಡಿದ್ದವು. ಹೊಸ ಸ್ಪ್ರಿಂಗ್ ಹಾಕಿ, ಯೂನಿಟ್ ತೊಳೆದು, ಒಂದು ಹನಿ ಎಣ್ಣೆ ಬಿಟ್ಟೆ. ಐಡ್ಲಿಂಗ್ ಏರಿ ಅಲ್ಲೇ ಸಿಕ್ಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಇಂಥ ತೊಂದರೆ ಇರುವಾಗ ಎಷ್ಟೋ ಜನ ವಾರಗಟ್ಟಲೆ ಕಾರ್ಬುರೇಟರ್ ಸ್ಕ್ರೂ ತಿರುಗಿಸುತ್ತಾ ಕೂರುತ್ತಾರೆ.

ಆಮೇಲೆ ಗಾಳಿ ಲೀಕು. ಈ ಬೈಕಿನಲ್ಲಿ ಸಿಲಿಂಡರ್ ಹೆಡ್‌ಗೆ ಎರಡು ಚಿಕ್ಕ ಮ್ಯಾನಿಫೋಲ್ಡ್‌ಗಳು ಥ್ರೆಡ್‌ನಲ್ಲಿ ಕೂತಿರುತ್ತವೆ, ಅವನ್ನು ಬಿಗಿಯುವ ಲಾಕ್ ರಿಂಗ್ ಇರುತ್ತದೆ. ಇಂಜಿನ್ ಐಡ್ಲಿಂಗಿನಲ್ಲಿ ಇರುವಾಗ ಒಂದೊಂದು ಜೋಡಣೆಯ ಸುತ್ತಲೂ ಸ್ವಲ್ಪ ತೆಳು ಎಣ್ಣೆ ಸಿಂಪಡಿಸಿದೆ. ಎಡಗಡೆಯ ಮ್ಯಾನಿಫೋಲ್ಡ್ ಬುಡಕ್ಕೆ ಬಿದ್ದಾಗ ಇಂಜಿನ್ ಸದ್ದು ಥಟ್ಟನೆ ಬದಲಾಯಿತು. ಲಾಕ್ ರಿಂಗ್ ಸಡಿಲವಾಗಿತ್ತು. ಬಿಚ್ಚಿ, ಥ್ರೆಡ್ ಸ್ವಚ್ಛ ಮಾಡಿ, ಸೀಲೆಂಟ್ ಹಚ್ಚಿ ಕೂರಿಸಿದೆ. ಎರಡೂ ಮ್ಯಾನಿಫೋಲ್ಡ್‌ನ ಮುಖ ಒಂದೇ ನೇರದಲ್ಲಿ ನಿಲ್ಲಬೇಕು. ಒಂದು ಉದ್ದನೆಯ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿಕೊಂಡೆ.

ಇಷ್ಟಾದ ಮೇಲೆ ಬೈಕು ಅರ್ಧ ಸುಧಾರಿಸಿತು. ಉಳಿದ ಅರ್ಧ ಸುಧಾರಿಸಲಿಲ್ಲ, ಸ್ಲೈಡುಗಳ ಟಕಟಕವೂ ಹೋಗಲಿಲ್ಲ. ಈಗ ಕಾರಣ ಕಾರ್ಬುರೇಟರೇ ಎಂದು ಧೈರ್ಯವಾಗಿ ಹೇಳಬಹುದಿತ್ತು.

ಯಾವುದನ್ನು ಹಾಕುವುದು ಅನ್ನುವುದರ ಬಗ್ಗೆ ಬೇಕಾದಷ್ಟು ವಾದಗಳಿವೆ. ಜಪಾನಿನ ಮಿಕುನಿ ಹಾಕಿಕೊಂಡು ಖುಷಿಯಾಗಿರುವವರು ಬಹಳ ಜನ. ಹಳೆಯ ಬಾಡಿಯ ರಂಧ್ರವನ್ನು ಕೊರೆಸಿ, ಸ್ಲೀವ್ ಹಾಕಿಸಿದ ಸ್ಲೈಡ್ ಕೂರಿಸುವುದೂ ಒಳ್ಳೆಯ ದಾರಿಯೇ. ನಾನು ಆರಿಸಿಕೊಂಡದ್ದು ಬೈಕಿನ ಜೊತೆ ಬಂದಿದ್ದ ಅಮಾಲ್ ಕಾನ್ಸೆಂಟ್ರಿಕ್ ಮಾರ್ಕ್ 1 ಅನ್ನೇ. ಅಮಾಲ್ ಹುಟ್ಟಿದ್ದು 1927ರಲ್ಲಿ, ಆಮಾಕ್, ಬ್ರೌನ್ ಆಂಡ್ ಬಾರ್ಲೊ, ಬಿಂಕ್ಸ್ ಎಂಬ ಮೂರು ಕಾರ್ಬುರೇಟರ್ ಕಂಪನಿಗಳು ಕೂಡಿಕೊಂಡಾಗ. ಬಾನೆವಿಲ್‌ಗೆ ಮೊದಲು ಹಾಕುತ್ತಿದ್ದದ್ದು ಅವರ ಮಾನೊಬ್ಲಾಕ್, ಪೆಟ್ರೋಲಿನ ಬಟ್ಟಲು ಪಕ್ಕದಲ್ಲಿ ಇರುವಂಥದ್ದು. 1967ರಲ್ಲಿ ಬಂದ ಕಾನ್ಸೆಂಟ್ರಿಕ್‌ನಲ್ಲಿ ಬಟ್ಟಲು ನೇರವಾಗಿ ಜೆಟ್‌ನ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರದ ಭಾಗ) ಕೆಳಗೆ, ಅದನ್ನು ಸುತ್ತುವರಿದು ಇರುತ್ತದೆ. ಬೈಕು ವಾಲಿದರೂ, ಬ್ರೇಕ್ ಹಾಕಿದರೂ ಜೆಟ್‌ನ ಹತ್ತಿರ ಪೆಟ್ರೋಲ್ ಮಟ್ಟ ಅಷ್ಟಾಗಿ ಏರುಪೇರಾಗುವುದಿಲ್ಲ. ಈಗ ಇದನ್ನು ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಬರ್ಲನ್ ಕಂಪನಿ ತಯಾರಿಸುತ್ತದೆ. ಅವರ ಪ್ರೀಮಿಯರ್ ಎಂಬ ಬಗೆಯನ್ನು ತರಿಸಿದೆ. ಬೈಕಿನ ಸರ್ವಿಸ್ ಪುಸ್ತಕದಲ್ಲಿರುವ ಜೆಟ್ ನಂಬರುಗಳೆಲ್ಲ ನೇರವಾಗಿ ಹೊಂದುತ್ತವೆ, ಕೇಬಲ್, ಫಿಲ್ಟರ್ ಯಾವುದನ್ನೂ ಬದಲಿಸಬೇಕಿಲ್ಲ. ನನಗೆ ಅದೇ ದೊಡ್ಡ ಕಾರಣ.

ಪ್ರೀಮಿಯರ್‌ನಲ್ಲಿ ನನಗೆ ಇಷ್ಟವಾದ ಸಂಗತಿಗಳು ಮೂರು. ಸ್ಲೈಡ್ ಅಲ್ಯೂಮಿನಿಯಂನದು, ಮೇಲ್ಮೈ ಗಟ್ಟಿ ಮಾಡಿದ್ದು, ಹಾಗಾಗಿ ಸವೆತ ಕಡಿಮೆ. ಬಟ್ಟಲಿನಲ್ಲಿ ತೇಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ಎಥನಾಲ್ ಬೆರೆತ ಪೆಟ್ರೋಲನ್ನು ತಡೆದುಕೊಳ್ಳುತ್ತದೆ, ಅದರ ಎತ್ತರವನ್ನೂ ಹೊಂದಿಸಬಹುದು. ಮೂರನೆಯದು ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್. ನನ್ನ ಹಳೆಯದರಲ್ಲಿ ಅದು ಬಾಡಿಯೊಳಗೆ ಒತ್ತಿ ಕೂರಿಸಿದ ಸಣ್ಣ ಬುಷ್. ಅದರ ರಂಧ್ರ ಸುಮಾರು 0.016 ಇಂಚು. ಅಲ್ಲಿ ಪೆಟ್ರೋಲಿನ ಅಂಟು ಕಟ್ಟಿದರೆ ಕಣ್ಣಿಗೂ ಕಾಣದು, ಕೈಗೂ ಸಿಗದು. ಹೊಸದರಲ್ಲಿ ಅದನ್ನು ಸ್ಕ್ರೂಡ್ರೈವರಿನಿಂದ ಬಿಚ್ಚಿ ತೆಗೆಯಬಹುದು. ಐಡ್ಲಿಂಗ್ ಪೂರ್ತಿ ನಿಂತಿರುವುದು ಆ ಒಂದು ರಂಧ್ರದ ಮೇಲೆ ಅಂದಮೇಲೆ ಇದೊಂದಕ್ಕೇ ಆದರೂ ಹೊಸದನ್ನು ಕೊಳ್ಳಬಹುದು ಅನ್ನುತ್ತೇನೆ.

ಹೊಸದು ಬಂದ ಮೇಲೆ ನೇರವಾಗಿ ಬೈಕಿಗೆ ಏರಿಸಬಾರದು. ಎರಡನ್ನೂ ಬಿಚ್ಚಿ ಮೇಜಿನ ಮೇಲೆ ಹರಡಿದೆ. ಈ ಕಾರ್ಬುರೇಟರುಗಳ ನಂಬರು 930, ಅಂದರೆ ಒಳಗಿನ ರಂಧ್ರ 30 ಮಿ.ಮೀ. ಒಂದು ಎಡಗೈಯದು, ಇನ್ನೊಂದು ಬಲಗೈಯದು. ಸ್ಕ್ರೂಗಳೂ, ಸ್ಟಾರ್ಟ್ ಮಾಡುವ ಮುನ್ನ ಒತ್ತಿ ಬಟ್ಟಲು ತುಂಬಿಸುವ ಟಿಕ್ಲರ್ ಬಟನ್ನೂ ಹೊರಗಡೆಗೆ ಬರಲಿ ಎಂದು ಹಾಗೆ ಮಾಡಿರುತ್ತಾರೆ. ಜೆಟ್‌ಗಳ ಮೇಲಿನ ನಂಬರನ್ನು ಭೂತಗನ್ನಡಿಯಲ್ಲಿ ಓದಿದೆ. ಮೇನ್ ಜೆಟ್ 190, ನೀಡಲ್ ಜೆಟ್ .106, ಸ್ಲೈಡ್ 3, ಸ್ಲೈಡಿಗೆ ತೂಗಿದ ಸೂಜಿಯ, ಅಂದರೆ ನೀಡಲ್‌ನ, ಕ್ಲಿಪ್ ಮಧ್ಯದ ಗೀರಿನಲ್ಲಿ. ಈ ಅಂಕಿಗಳಿಗೆ ಅರ್ಥವಿದೆ. ಮೇನ್ ಜೆಟ್‌ನ ನಂಬರು ಒಂದು ನಿಮಿಷಕ್ಕೆ ಅದರಿಂದ ಎಷ್ಟು ಸಿಸಿ ಹರಿಯುತ್ತದೆ ಎನ್ನುವುದನ್ನು ಹೇಳುತ್ತದೆ. ನೀಡಲ್ ಜೆಟ್‌ನದು ಇಂಚಿನಲ್ಲಿ ರಂಧ್ರದ ಅಳತೆ. ಸ್ಲೈಡಿನ ನಂಬರು ಅದರ ಕೆಳ ಅಂಚಿನಲ್ಲಿ ಗಾಳಿ ಬರುವ ಕಡೆ ಎಷ್ಟು ಕತ್ತರಿಸಿದ್ದಾರೆ ಎನ್ನುವುದು, ಇಂಚಿನ ಹದಿನಾರನೇ ಒಂದು ಭಾಗದ ಲೆಕ್ಕದಲ್ಲಿ. 3 ಅಂದರೆ 3/16 ಇಂಚು.

ಫ್ಲೋಟಿನ ಎತ್ತರ ನೋಡದೆ ಮುಂದೆ ಹೋಗಬಾರದು. ಬಟ್ಟಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವ್ ಮುಚ್ಚಿಕೊಂಡಾಗ ಫ್ಲೋಟಿನ ಮೇಲಂಚು ಬಟ್ಟಲಿನ ಅಂಚಿಗಿಂತ ಸುಮಾರು 2 ಮಿ.ಮೀ. ಕೆಳಗಿರಬೇಕು. ಒಂದು ಸರಿಯಿತ್ತು, ಇನ್ನೊಂದರಲ್ಲಿ ಕೂದಲೆಳೆ ವ್ಯತ್ಯಾಸ. ಅದನ್ನೂ ಹೊಂದಿಸಿದೆ. ಎರಡರಲ್ಲೂ ಮಟ್ಟ ಒಂದೇ ಆಗಿರುವುದೇ ಇಲ್ಲಿ ದೊಡ್ಡದು. ಬಟ್ಟಲಿನ ಮಟ್ಟ ಬೇರೆ ಬೇರೆ ಇದ್ದರೆ ಜೆಟ್ ಒಂದೇ ಆದರೂ ಎರಡು ಸಿಲಿಂಡರಿಗೆ ಸಿಗುವ ಪೆಟ್ರೋಲ್ ಒಂದೇ ಆಗುವುದಿಲ್ಲ, ಅಲ್ವಾ?

ಹಳೆಯದನ್ನು ಇಳಿಸುವುದು ಸುಲಭದ ಕೆಲಸ. ಪೆಟ್ರೋಲ್ ಕಾಕ್ ಮುಚ್ಚಿ, ಪೈಪ್ ಎಳೆದು, ಫಿಲ್ಟರ್ ಬಿಚ್ಚಿ, ಮೇಲಿನ ಮುಚ್ಚಳದ ಎರಡೆರಡು ಸ್ಕ್ರೂ ತೆಗೆದರೆ ಸ್ಲೈಡ್ ಕೇಬಲ್ ಜೊತೆಗೇ ಹೊರಬರುತ್ತದೆ. ಟ್ಯಾಂಕ್ ಇಳಿಸಿಟ್ಟೆ, ಕೈ ಆಡಿಸಲು ಜಾಗ ಸಿಕ್ಕಿತು. ಹಳೆಯ ಕಾರ್ಬುರೇಟರಿನ ಫ್ಲ್ಯಾಂಜನ್ನು, ಅಂದರೆ ನಟ್ಟು ಹಾಕಿ ಬಿಗಿಯುವ ಚಪ್ಪಟೆ ಮುಖವನ್ನು, ಗಾಜಿನ ಮೇಲಿಟ್ಟು ನೋಡಿದೆ. ನಡುವೆ ಬಾಗಿ, ಎರಡು ತುದಿ ಮುಂದಕ್ಕೆ ಬಂದಿತ್ತು. ಹಿಂದೆ ಯಾರೋ ನಟ್ಟುಗಳನ್ನು ಬಲವಾಗಿ ಬಿಗಿದಿದ್ದರ ಗುರುತು ಅದು. ಫ್ಲ್ಯಾಂಜ್ ಬಾಗಿದರೆ ಬಾಡಿಯೇ ಓರೆಯಾಗುತ್ತದೆ. ಬಾಡಿ ಓರೆಯಾದರೆ ಸ್ಲೈಡ್ ಸಿಕ್ಕಿಕೊಳ್ಳುತ್ತದೆ, ಬೇಗ ಸವೆಯುತ್ತದೆ. ಎಷ್ಟೋ ಕಾನ್ಸೆಂಟ್ರಿಕ್‌ಗಳು ಹಾಳಾಗುವುದು ಹೀಗೇ.

ಹಾಗಾಗಿ ಕೂರಿಸುವಾಗ ನಾನು ತುಂಬಾ ನಿಧಾನವಾಗಿ ಹೋದೆ. ಇಂಜಿನ್ನಿನ ಬಿಸಿ ಕಾರ್ಬುರೇಟರಿಗೆ ಹರಿಯದಂತೆ ನಡುವೆ ಶಾಖ ತಡೆಯುವ ಸ್ಪೇಸರ್ ಇದೆ. ಫ್ಲ್ಯಾಂಜಿನ ಗೀರಿನಲ್ಲಿ ಹೊಸ ಓ-ರಿಂಗ್. ನಟ್ಟುಗಳು ತಾವೇ ಹಿಡಿದುಕೊಳ್ಳುವ ನೈಲಾಕ್ ಬಗೆಯವು, ಹಾಗಾಗಿ ಅವನ್ನು ಹಿಂಡುವ ಅಗತ್ಯವೇ ಇಲ್ಲ. ಎರಡೂ ನಟ್ಟನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ತಿರುಗಿಸಿ, ಓ-ರಿಂಗ್ ಒತ್ತಿಕೊಂಡದ್ದು ಪಾನಾದಲ್ಲಿ ಗೊತ್ತಾದ ಕೂಡಲೇ ನಿಲ್ಲಿಸಿದೆ. ಪ್ರತಿ ಸಲ ಸ್ಲೈಡನ್ನು ಎತ್ತಿ ಬಿಟ್ಟು ನೋಡಿದೆ. ತನ್ನ ಭಾರಕ್ಕೇ ಕೆಳಗೆ ಬಿದ್ದು ಟಕ್ ಅನ್ನಬೇಕು. ಆ ಸದ್ದು ಮಂದವಾದರೆ ಬಿಗಿ ಜಾಸ್ತಿಯಾಗಿದೆ ಎಂದರ್ಥ.

ಇನ್ನು ಕೇಬಲ್. ಜೋಡಿ ಕಾರ್ಬುರೇಟರಿನ ಕೆಲಸದಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ನನ್ನ ಬೈಕಿನಲ್ಲಿ ಹ್ಯಾಂಡಲ್‌ನಿಂದ ಒಂದು ಕೇಬಲ್ ಬಂದು, ಟ್ಯಾಂಕಿನ ಕೆಳಗೆ ಒಂದು ಸಣ್ಣ ಜಂಕ್ಷನ್‌ನಲ್ಲಿ ಎರಡಾಗಿ ಒಡೆಯುತ್ತದೆ. ಎರಡೂ ಸ್ಲೈಡುಗಳು ಒಂದೇ ಕ್ಷಣಕ್ಕೆ ಏಳಬೇಕು. ಒಂದು ಕೂದಲೆಳೆ ಮೊದಲು ಎದ್ದರೂ ಜೋಡೆತ್ತಿನಲ್ಲಿ ಒಂದು ಮುಂದೆ ಹೆಜ್ಜೆ ಇಟ್ಟು ನೊಗ ಓರೆಯಾದಂತೆ, ಒಂದು ಸಿಲಿಂಡರ್ ಎಳೆಯುತ್ತದೆ, ಇನ್ನೊಂದು ಎಳೆಸಿಕೊಳ್ಳುತ್ತದೆ. ಮೊದಲು ಎರಡೂ ಐಡ್ಲಿಂಗ್ ಸ್ಕ್ರೂಗಳನ್ನು ಪೂರ್ತಿ ಹಿಂದೆಗೆದು ಸ್ಲೈಡುಗಳು ತಳಕ್ಕೆ ಕೂರುವಂತೆ ಮಾಡಿದೆ. ಆಮೇಲೆ ಒಂದೇ ಅಳತೆಯ ಎರಡು ಡ್ರಿಲ್ ಬಿಟ್‌ಗಳನ್ನು ತಿರುಗಿಸಿ, ನಯವಾದ ಹಿಂಬದಿಯನ್ನು ಸ್ಲೈಡುಗಳ ಕೆಳಗೆ ಇಟ್ಟೆ. ಗೆಳೆಯ ಹ್ಯಾಂಡಲ್ ಹಿಡಿದು ಥ್ರಾಟಲನ್ನು ನೂಲಿನಷ್ಟು ನೂಲಿನಷ್ಟು ತೆರೆಯುತ್ತಿದ್ದ. ನಾನು ಎರಡೂ ಬಿಟ್‌ಗಳನ್ನು ಬೆರಳಲ್ಲಿ ಅಲ್ಲಾಡಿಸುತ್ತಿದ್ದೆ.

“ಬಲಗಡೆದು ಮೊದಲು ಸಡಿಲ ಆಯ್ತು ಕಣೋ” ಅಂದೆ.

“ಹಂಗಾದ್ರೆ ಎಡಗಡೆ ಅಡ್ಜಸ್ಟರ್ ಒಂದು ಮುಖ ಮೇಲೆತ್ತು, ಮತ್ತೆ ನೋಡೋಣ” ಅಂದ.

ಎರಡೂ ಒಟ್ಟಿಗೇ ಸಡಿಲವಾಗುವವರೆಗೂ ಹೀಗೇ ಮಾಡಿದೆವು. ಆಮೇಲೆ ಲಾಕ್ ನಟ್ಟು ಬಿಗಿದು ಮತ್ತೊಮ್ಮೆ ನೋಡಿದೆವು, ಏಕೆಂದರೆ ಲಾಕ್ ನಟ್ಟು ಬಿಗಿಯುವಾಗಲೇ ಹೊಂದಿಕೆ ತಪ್ಪುವುದುಂಟು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಕೇಬಲ್ ಎಳೆಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಟ್ಯಾಂಕ್ ಮತ್ತೆ ಕೂರಿಸಿದ ಮೇಲೂ ಇನ್ನೊಮ್ಮೆ. ಟ್ಯಾಂಕಿನ ಅಡಿಗೆ ಕೇಬಲ್ ಒತ್ತಿಕೊಂಡರೆ ಇಷ್ಟೆಲ್ಲ ಕಷ್ಟಪಟ್ಟದ್ದು ನೀರುಪಾಲು.

ಪೆಟ್ರೋಲ್ ಪೈಪುಗಳನ್ನೂ ಹೊಸದು ಹಾಕಿದೆ. ಹಳೆಯ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಎಥನಾಲ್ ತಡೆಯುವ ಬಗೆಯ ಪೈಪನ್ನೇ ಆರಿಸಿಕೊಳ್ಳಿ. ಕಾಕ್ ತೆರೆದು ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿದೆ, ಎಲ್ಲೂ ಹನಿ ಇಲ್ಲ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಲ್ಲಿತ್ತು, ಬಾಗಿಲು ತೆರೆದೇ ಇತ್ತು. ಹಳೇ ಬೈಕಿನ ಕೆಲಸದಲ್ಲಿ ಇವೆರಡನ್ನು ಯಾರೂ ಬಿಡಬೇಡಿ.

ಎರಡೂ ಏರ್ ಸ್ಕ್ರೂಗಳನ್ನು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಂದೆ. ಇದು ಗಾಳಿಯ ಸ್ಕ್ರೂ ಅನ್ನುವುದನ್ನು ನೆನಪಿಡಬೇಕು. ಒಳಕ್ಕೆ ತಿರುಗಿಸಿದರೆ ಗಾಳಿ ಕಡಿಮೆಯಾಗಿ ಮಿಶ್ರಣ ರಿಚ್ ಆಗುತ್ತದೆ (ಪೆಟ್ರೋಲ್ ಪಾಲು ಹೆಚ್ಚು), ಹೊರಕ್ಕೆ ತಿರುಗಿಸಿದರೆ ಲೀನ್ (ಪೆಟ್ರೋಲ್ ಪಾಲು ಕಡಿಮೆ). ಐಡ್ಲಿಂಗ್ ಸ್ಕ್ರೂಗಳನ್ನು ಸ್ಲೈಡ್ ಅಲ್ಲಾಡುವವರೆಗೆ ತಂದು, ಎರಡಕ್ಕೂ ಒಂದೇ ಅಳತೆ ಕೊಟ್ಟೆ. ಟಿಕ್ಲರ್ ಒತ್ತಿ ಪೆಟ್ರೋಲ್ ಬೆರಳಿಗೆ ತಾಗಿದ ಮೇಲೆ ಕಿಕ್ ಹೊಡೆದೆ. ಇಂಜಿನ್ ಹತ್ತಿಕೊಂಡಿತು. ಸ್ಲೈಡುಗಳ ಟಕಟಕ ಇಲ್ಲದ ಆ ಇಂಜಿನ್ ಸದ್ದು ಕೇಳಿದಾಗ ಆದ ಸಂತೋಷ ಈಗಲೂ ಹಾಗೇ ಇದೆ.

ಟ್ಯೂನಿಂಗ್ ಶುರು ಮಾಡಬೇಕಾದದ್ದು ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ. ಅದಕ್ಕೇ ಮೊದಲು ಒಂದು ಸಾಧಾರಣ ದೂರ ಓಡಿಸಿಕೊಂಡು ಬಂದೆ. ಇದು ಗಾಳಿಯಿಂದ ತಣ್ಣಗಾಗುವ ಇಂಜಿನ್, ನಿಂತಲ್ಲೇ ಓಡಿಸಿದರೆ ಕಾಯುತ್ತದೆ. ಹಾಗಾಗಿ ಮುಂದೆ ದೊಡ್ಡ ಫ್ಯಾನ್ ಇಟ್ಟುಕೊಂಡೆ. ಫಿಲ್ಟರುಗಳು ಹಾಕಿಯೇ ಇದ್ದವು. ಫಿಲ್ಟರ್ ತೆಗೆದು ಟ್ಯೂನ್ ಮಾಡಿ ಆಮೇಲೆ ಹಾಕಿದರೆ ಲೆಕ್ಕವೆಲ್ಲ ಬದಲಾಗುತ್ತದೆ.

ನಾನು ಹಿಡಿದದ್ದು ಹಳೆಯ ವಿಧಾನ, ಒಂದು ಸಲಕ್ಕೆ ಒಂದೇ ಸಿಲಿಂಡರ್. ಎರಡು ಮ್ಯಾನಿಫೋಲ್ಡ್‌ಗಳನ್ನು ಕೂಡಿಸುವ ಸಣ್ಣ ಬ್ಯಾಲೆನ್ಸ್ ಪೈಪನ್ನು ತೆಗೆದು ಎರಡು ಕಡೆಯೂ ಮುಚ್ಚಿದೆ. ಅದಿದ್ದರೆ ಒಂದರ ತಪ್ಪನ್ನು ಇನ್ನೊಂದು ಮುಚ್ಚಿಡುತ್ತದೆ. ಬಲಗಡೆಯ ಪ್ಲಗ್ ವೈರ್ ತೆಗೆದು, ಅದಕ್ಕೆ ಬೇರೆ ಪ್ಲಗ್ ಸಿಕ್ಕಿಸಿ ಇಂಜಿನ್ನಿಗೆ ತಾಗುವಂತೆ ಇಟ್ಟೆ. ಪ್ಲಗ್ ಕೂರುವ ಜಾಗದಿಂದ ದೂರದಲ್ಲಿ ಇಡಬೇಕು. ವೈರನ್ನು ಸುಮ್ನೆ ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಹಾಳಾಗಬಹುದು. ಎಡಗಡೆಯ ಐಡ್ಲಿಂಗ್ ಸ್ಕ್ರೂ ಏರಿಸಿದರೆ ಇಂಜಿನ್ ಒಂದೇ ಸಿಲಿಂಡರಿನ ಮೇಲೆ ಓಡುತ್ತದೆ. ಈಗ ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ, ಕಾಲು ಸುತ್ತು ಹೊರಗೆ ತಿರುಗಿಸುತ್ತಾ, ಪ್ರತಿ ಸಲ ಇಂಜಿನ್ನಿಗೆ ಒಂದೆರಡು ಉಸಿರು ಬಿಡುವಷ್ಟು ಹೊತ್ತು ಕೊಟ್ಟು, ಎಲ್ಲಿ ಅತಿ ಜೋರಾಗಿ, ಅತಿ ಸಮವಾಗಿ ಓಡುತ್ತದೋ ಅಲ್ಲಿ ನಿಲ್ಲಿಸಬೇಕು. ಆಮೇಲೆ ಐಡ್ಲಿಂಗ್ ಸ್ಕ್ರೂ ಇಳಿಸಿ ಇಂಜಿನ್ ಇನ್ನೇನು ನಿಲ್ಲುತ್ತದೆ ಅನ್ನುವಲ್ಲಿಗೆ ತಂದು, ಏರ್ ಸ್ಕ್ರೂವನ್ನು ಮತ್ತೆ ನೋಡಬೇಕು. ಇದೇ ಕೆಲಸ ಬಲಗಡೆಗೂ. ಎರಡೂ ಪ್ಲಗ್ ವೈರ್ ಹಾಕಿದಾಗ ಇಂಜಿನ್ ತುಂಬಾ ಜೋರಾಗಿ ಓಡುತ್ತದೆ. ಆಗ ಎರಡೂ ಐಡ್ಲಿಂಗ್ ಸ್ಕ್ರೂಗಳನ್ನು ಸರಿಸಮನಾಗಿ, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಎರಡು ಸೈಲೆನ್ಸರಿನ ಹಿಂದೆ ಎರಡು ಅಂಗೈ ಹಿಡಿದೆ. ಬಡಿತ ಎರಡೂ ಕಡೆ ಒಂದೇ ಥರ ಬಂತು. ಐಡ್ಲಿಂಗ್ ಕೂತಿತು. ಥ್ರಾಟಲ್ ತಿರುಗಿಸಿ ಬಿಟ್ಟರೆ ಅಲ್ಲಿಗೇ ಮರಳುತ್ತಿತ್ತು. ಕೊನೆಗೆ ಕೇಬಲ್‌ನಲ್ಲಿ ಸ್ವಲ್ಪ ಸಡಿಲ ಉಳಿದಿದೆಯೇ ಎಂದು ಪರೀಕ್ಷಿಸಿ, ಬ್ಯಾಲೆನ್ಸ್ ಪೈಪ್ ಮತ್ತೆ ಹಾಕಿದೆ.

ಉಳಿದದ್ದೆಲ್ಲ ರಸ್ತೆಯ ಮೇಲಿನ ಕೆಲಸ. ಥ್ರಾಟಲಿನ ಒಂದೊಂದು ಪಾಲನ್ನು ಒಂದೊಂದು ಭಾಗ ಆಳುತ್ತದೆ. ಮುಚ್ಚಿದ್ದರಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕತ್ತರಿಸಿದ ಅಂಚು. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್. ಮುಕ್ಕಾಲಿನ ಮೇಲೆ ಮೇನ್ ಜೆಟ್. ಬೈಕು ಓಡುವಾಗ ಥ್ರಾಟಲ್ ಎಷ್ಟು ತೆರೆದಿದೆ ಎಂದು ಅಂದಾಜಿನ ಮೇಲೆ ಹೇಳಬಾರದು. ಗ್ರಿಪ್ ಮೇಲೂ ಪಕ್ಕದಲ್ಲೂ ಬಿಳಿ ಟೇಪ್ ಅಂಟಿಸಿ ಗುರುತು ಹಾಕಿಕೊಂಡೆ. ಇಷ್ಟು ಮಾಡಿದರೆ ಯಾವ ಭಾಗವನ್ನು ಬೈಯಬೇಕು ಎನ್ನುವುದು ತಾನಾಗಿ ಗೊತ್ತಾಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ಎರಡೂ ಕಾರ್ಬುರೇಟರಿಗೆ.

ಅಮಾಲ್ ಹೇಳುವ ಕ್ರಮದಲ್ಲಿ ಮೇನ್ ಜೆಟ್ ಮೊದಲು ಬರುತ್ತದೆ. ಆಮೇಲೆ ಪೈಲಟ್, ಸ್ಲೈಡ್, ನೀಡಲ್, ಕೊನೆಗೆ ಮತ್ತೆ ಪೈಲಟ್. ನಾನೂ ಹಾಗೇ ಹೋದೆ. ಖಾಲಿ ಇದ್ದ ನೇರ ರಸ್ತೆಯಲ್ಲಿ ಥ್ರಾಟಲ್ ಪೂರ್ತಿ ತೆರೆದು ಸ್ವಲ್ಪ ದೂರ ಎಳೆದು, ಒಮ್ಮೆಲೇ ಇಂಜಿನ್ ಆಫ್ ಮಾಡಿ ಕ್ಲಚ್ ಹಿಡಿದು ಬದಿಗೆ ಬಂದು ಪ್ಲಗ್ ಬಿಚ್ಚಿ ನೋಡಿದೆ. ಈಗಿನ ಪೆಟ್ರೋಲು ಪ್ಲಗ್‌ಗೆ ಹಿಂದಿನಂತೆ ಚೆಂದದ ಕಂದು ಬಣ್ಣ ಕೊಡುವುದಿಲ್ಲ. ಬಿಳಿ ಪಿಂಗಾಣಿಯ ತೀರಾ ಬುಡದಲ್ಲಿರುವ ಉಂಗುರವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಎರಡೂ ಪ್ಲಗ್ ಬುಡದವರೆಗೆ ಬೆಳ್ಳಗಿದ್ದವು. ಲೀನ್. ಎಥನಾಲ್ ಬೆರೆತ ಪೆಟ್ರೋಲಿಗೆ ಗಾಳಿ ಕಡಿಮೆ ಸಾಕು, ಅದೇ ಜೆಟ್‌ನಲ್ಲಿ ಅದು ಲೀನ್ ಆಗಿ ಉರಿಯುತ್ತದೆ. ಬಟ್ಟಲಿನ ಅಡಿಯ ಪ್ಲಗ್ ತೆಗೆದರೆ ಮೇನ್ ಜೆಟ್ ಕೈಗೆ ಸಿಗುತ್ತದೆ, ಕಾರ್ಬುರೇಟರ್ ಇಳಿಸಬೇಕಿಲ್ಲ. 200 ಹಾಕಿದೆ. ಬುಡದಲ್ಲಿ ತೆಳು ಕಂದು ಉಂಗುರ ಮೂಡಿತು. ಮೇಲಿನ ವೇಗದಲ್ಲಿ ಇಂಜಿನ್ ಸ್ವಲ್ಪ ರಿಚ್ ಇದ್ದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ಅಷ್ಟೆ. ಲೀನ್ ಇದ್ದರೆ ಪಿಸ್ಟನ್ ಹೋಗುತ್ತದೆ. ಇದರಲ್ಲಿ ನನಗೆ ಯಾವ ಚರ್ಚೆಯೂ ಬೇಕಿಲ್ಲ.

ಹೆಚ್ಚು ತಲೆ ಕೆಡಿಸಿದ್ದು ಸ್ಲೈಡಿನ ಪಾಲು. ನಿಂತಲ್ಲಿಂದ ಹೊರಡುವಾಗ, ಥ್ರಾಟಲ್ ಎಂಟನೇ ಒಂದು ಭಾಗ ದಾಟುತ್ತಿದ್ದಂತೆ ಇಂಜಿನ್ ಒಮ್ಮೆ ತಡೆದು, ಕಾರ್ಬುರೇಟರಿನಿಂದ ಹಿಂದಕ್ಕೆ ಕೆಮ್ಮುತ್ತಿತ್ತು. ಲೀನೋ ರಿಚ್ಚೋ ತಿಳಿಯಲು ಸುಲಭದ ದಾರಿ ಚೋಕ್. ಬಿಸಿ ಇಂಜಿನ್ನಿನಲ್ಲಿ ಚೋಕ್ ಸ್ವಲ್ಪ ಇಳಿಸಿ ಅದೇ ಜಾಗದಲ್ಲಿ ಥ್ರಾಟಲ್ ತೆರೆದು ನೋಡಿದೆ. ಕೆಮ್ಮು ನಿಂತಿತು. ಅಂದರೆ ಅಲ್ಲಿ ಪೆಟ್ರೋಲ್ ಸಾಲುತ್ತಿಲ್ಲ. ಏರ್ ಸ್ಕ್ರೂ ಒಳಗೆ ತಿರುಗಿಸಿದರೆ ಕೆಮ್ಮು ಸ್ವಲ್ಪ ಕಡಿಮೆಯಾಗುತ್ತಿತ್ತು, ಆದರೆ ಐಡ್ಲಿಂಗ್ ದಪ್ಪವಾಗಿ ಮುಗ್ಗರಿಸುತ್ತಿತ್ತು. ಹಾಗಾದರೆ ಪೈಲಟ್ ಸರಿಯಿದೆ, ಮುಂದಿನದು ಸ್ಲೈಡ್. ಸ್ಲೈಡಿನ ನಂಬರು ಕಡಿಮೆಯಾದಷ್ಟೂ ಕತ್ತರಿಸಿದ ಜಾಗ ಕಡಿಮೆ, ಮಿಶ್ರಣ ರಿಚ್. ಎರಡೂ ಕಡೆ 3ರ ಬದಲು 2.5 ಹಾಕಿ, ಕೇಬಲ್ ಹೊಂದಿಕೆಯನ್ನು ಮತ್ತೆ ಮೊದಲಿನಿಂದ ಮಾಡಿದೆ. ಕೆಮ್ಮು ಪೂರ್ತಿ ಹೋಯಿತು. ಪಿಕಪ್ ಒಂದೇ ಎಳೆತಕ್ಕೆ ಬಂತು.

ನೀಡಲ್ ವಿಷಯದಲ್ಲಿ ಬದಲಾಯಿಸುವಂಥದ್ದು ಏನೂ ಇರಲಿಲ್ಲ. ಕ್ಲಿಪ್ ಒಂದು ಗೀರು ಕೆಳಗೆ ಹಾಕಿದರೆ ನೀಡಲ್ ಮೇಲೇರಿ ರಿಚ್ ಆಗುತ್ತದೆ, ಮೇಲೆ ಹಾಕಿದರೆ ಲೀನ್. ಎರಡನ್ನೂ ಪರೀಕ್ಷಿಸಿದೆ. ಮೇಲಿನ ಗೀರಿನಲ್ಲಿ ಅರ್ಧ ಥ್ರಾಟಲಿನಲ್ಲಿ ಹೋಗುವಾಗ ಬೈಕು ಹಿಂದೆ ಮುಂದೆ ಜಗ್ಗುತ್ತಿತ್ತು. ಕೆಳಗಿನದರಲ್ಲಿ ಸದ್ದು ಮಂಕಾಗಿ ಏರು ರಸ್ತೆಯಲ್ಲಿ ಭಾರವಾಗುತ್ತಿತ್ತು. ಮಧ್ಯದಲ್ಲೇ ಉಳಿಸಿದೆ. ಕೊನೆಗೆ ಏರ್ ಸ್ಕ್ರೂ ಮತ್ತೆ ನೋಡಿದಾಗ ಒಂದು ಕಡೆ ಒಂದೂವರೆಗಿಂತ ಚೂರು ಕಡಿಮೆ, ಇನ್ನೊಂದು ಕಡೆ ಚೂರು ಜಾಸ್ತಿ ನಿಂತಿತು. ಎರಡರದ್ದೂ ಸುತ್ತು ಒಂದೇ ಇರಬೇಕು ಎಂದು ಹಠ ಹಿಡಿಯುವವರಿದ್ದಾರೆ. ಸಿಲಿಂಡರಿಗೆ ಬೇಕಾದ್ದು ಸರಿಯಾದ ಮಿಶ್ರಣ. ಸ್ಕ್ರೂ ಎಲ್ಲಿ ನಿಂತರೂ ಅದಕ್ಕೆ ಲೆಕ್ಕವಿಲ್ಲ.

ಆಮೇಲಿನ ಕೆಲಸ ಚಿಕ್ಕದು. ಹೊಸ ಓ-ರಿಂಗ್ ಸ್ವಲ್ಪ ಕೂರುತ್ತದೆ, ಹಾಗಾಗಿ ಮೊದಲ ಕೆಲವು ಓಡಾಟಗಳ ನಂತರ ಫ್ಲ್ಯಾಂಜ್ ನಟ್ಟುಗಳನ್ನು ಮುಟ್ಟಿ ನೋಡಿದೆ, ಮತ್ತೆ ಸ್ಲೈಡ್ ಎತ್ತಿ ಬಿಟ್ಟು ಟಕ್ ಸದ್ದು ಕೇಳಿದೆ. ಕೇಬಲ್ ಹೊಸದಾಗಿದ್ದರೆ ಹಿಗ್ಗುತ್ತದೆ, ಆಗ ಸ್ಲೈಡುಗಳ ಹೊಂದಿಕೆಯನ್ನು ಮತ್ತೊಮ್ಮೆ ನೋಡಬೇಕು. ಪೆಟ್ರೋಲ್ ಪೈಪ್ ಕೂರುವ ಬ್ಯಾಂಜೊದೊಳಗೆ ಒಂದು ಪುಟ್ಟ ಜಾಲರಿ ಇದೆ. ಹಳೆಯ ಟ್ಯಾಂಕಿನ ತುಕ್ಕು ಮೊದಲು ಸೇರುವುದು ಅಲ್ಲಿಗೆ. ಅದನ್ನು ಆಗಾಗ ತೆಗೆದು ತೊಳೆಯುತ್ತೇನೆ. ಕೆಲವು ವಾರ ಬೈಕು ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಬಟ್ಟಲಿನ ಅಡಿಯ ಪ್ಲಗ್ ಬಿಚ್ಚಿ ಎರಡೂ ಕಡೆಯ ಪೆಟ್ರೋಲ್ ಖಾಲಿ ಮಾಡಿಬಿಡುತ್ತೇನೆ. ನಿಂತ ಪೆಟ್ರೋಲ್ ಆವಿಯಾಗಿ ಬಿಡುವ ಅಂಟೇ ಪೈಲಟ್ ಜೆಟ್ಟನ್ನು ಮುಚ್ಚುವುದು. 200, .106, 2.5, ಮಧ್ಯದ ಗೀರು ಎಂದು ಸರ್ವಿಸ್ ಪುಸ್ತಕದ ಒಳರಟ್ಟಿನ ಮೇಲೆ ತಾರೀಖು ಹಾಕಿ ಬರೆದಿಟ್ಟಿದ್ದೇನೆ. ಫಿಲ್ಟರ್ ಅಥವಾ ಸೈಲೆನ್ಸರ್ ಬದಲಿಸಿದ ದಿನ ಮೇನ್ ಜೆಟ್‌ನಿಂದ ಮತ್ತೆ ಶುರು ಮಾಡಬೇಕಾಗುತ್ತದೆ.